ಹಾಜಿರಾ ಕೇಳುತ್ತಿದ್ದದ್ದೇನು

ಕಲ್ಲಿಕೋಟೆಯಲ್ಲಿ ಅರ್ಧ ಮನೆ ಬಾಡಿಗೆಗೆ ಹಿಡಿದಿದ್ದೇನೆ ಎಂದು ಅಳಿಯ ಮಧ್ಯಾಹ್ನದ ಊಟದಲ್ಲಿ ಹೇಳಿದ. ಅದೇ ರಾತ್ರಿಯಿಂದ ಅತ್ತೆ ಹಾಜಿರಾ ತಹಜ್ಜುದ್ ನಮಾಜಿಗೆ ಏಳತೊಡಗಿದಳು. ಇವೆರಡಕ್ಕೂ ಸಂಬಂಧವೇ ಇಲ್ಲವೆಂದು ನಂಬುವಷ್ಟು ಸಾಧುಗಳು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮನೆ ಭಟ್ಕಳದ ನವಾಯತರದ್ದು. ಅವರಲ್ಲಿ ಹೆಣ್ಣುಮಕ್ಕಳು ಮದುವೆಯಾದರೂ ತವರು ಬಿಡುವ ರೂಢಿಯಿಲ್ಲ. ಅಳಿಯನೇ ಸಂಜೆ ಹೆಂಡತಿಯ ಮನೆಗೆ ಬರುತ್ತಾನೆ, ಅವನಿಗೆಂದು ಒಂದು ಕೋಣೆ, ಒಂದು ಮಂಚ, ಊಟದಲ್ಲಿ ಮೀನಿನ ಒಳ್ಳೆಯ ತುಂಡು. ಗಂಡಸರು ವ್ಯಾಪಾರಕ್ಕೆಂದು ಮದ್ರಾಸು, ಕೊಲಂಬೊ, ಕಲ್ಲಿಕೋಟೆ ಎಂದು ಚದುರಿಹೋಗಿ ವರ್ಷಕ್ಕೆರಡು ತಿಂಗಳು ಊರು ನೋಡುತ್ತಾರೆ. ಹಾಜಿರಾಳ ಗಂಡ ಕೊಲಂಬೊದಲ್ಲಿದ್ದು ಅಲ್ಲೇ ತೀರಿಕೊಂಡಿದ್ದ. ಈಗ ಮನೆಯಲ್ಲಿ ಅವಳು, ಅವಳ ಮುದಿ ತಾಯಿ, ಮಗಳು ಜುಲೈಖಾ. ಜುಲೈಖಾಳಿಗೆ ಮದುವೆಯಾಗಿ ನಾಲ್ಕು ವರ್ಷ ಆಗಿತ್ತು. ಗಂಡ ಮುಹಿದ್ದೀನನ ಜೊತೆ ಅವಳು ಕಳೆದದ್ದು ಎಲ್ಲ ಕೂಡಿಸಿದರೆ ಎಂಟು ತಿಂಗಳು. ಕಲ್ಲಿಕೋಟೆಗೆ ಹೋಗಬೇಕೆಂದು ಅವಳಿಗೆ ಆಸೆಯಿತ್ತು, ಅದೂ ಸಣ್ಣ ಆಸೆಯಲ್ಲ.

ಆ ದಿನ ತಟ್ಟೆಯಲ್ಲಿ ಅಕ್ಕಿರೊಟ್ಟಿ, ಇಸ್ವಾಣ ಮೀನಿನ ಸಾರು.

"ಬರೂ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ ಹೊರಡೂದು ಮಾಮಿ," ಎಂದ ಮುಹಿದ್ದೀನ್. "ಜುಲೈಖಾನ್ನೂ ಕರ್ಕೊಂಡು ಹೋಗ್ತೆ."

ಹಾಜಿರಾ ಸೌಟು ಎತ್ತಿದಳು. "ತಲೆಭಾಗ ಹಾಕ್ಲಾ ನಿಂಗೆ?"

"ನಾನು ಹೇಳಿದ್ದು ಕೇಳ್ತಾ ಮಾಮಿ?"

"ಕೇಳ್ತು. ಅದ್ಕೇ ತಲೆಭಾಗ ಬೇಕಾ ಅಂತ ಕೇಳ್ದೆ."

ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ನಡುವೆ ಬಾಯಿ ಹಾಕಿದಳು. "ಈ ಮನೆ ಹೆಣ್ಣುಮಕ್ಳು ಇಷ್ಟ್ರವರೆಗೆ ಹೊಳೆ ದಾಟ್ಲಿಲ್ಲ. ತಾಯಿ ಮನೇಲಿ ಅನ್ನ ಇಲ್ದೇ ಹೋದ್ಲು ಅಂತ ಊರವ್ರು ಹೇಳ್ತ್ರು, ನೋಡು."

"ಅನ್ನಕ್ಕೆ ಹೋಗೂದಲ್ಲ ಅಜ್ಜಿ," ಎಂದಳು ಜುಲೈಖಾ.

"ಮತ್ತೆಂತಕೆ?"

ಗಂಡನ ಎದುರು ಅದಕ್ಕೆ ಉತ್ತರ ಹೇಳಲು ನಾಚಿಕೆಯಾಗಿ ಜುಲೈಖಾ ನೀರಿನ ತಂಬಿಗೆ ಹಿಡಿದು ಒಳಗೆ ಹೋದಳು.

ರಾತ್ರಿ ಕೊನೆಯ ಜಾವದಲ್ಲಿ ಬಾವಿಯ ರಾಟೆ ಕಿರುಗುಟ್ಟಿತು. ಹಾಜಿರಾ ಕೈಕಾಲು ಮುಖ ತೊಳೆದು ವುಜೂ ಮಾಡಿ, ನಡುಮನೆಯಲ್ಲಿ ಚಾಪೆ ಹಾಸಿ, ಎರಡೆರಡರಂತೆ ಎಂಟು ರಕಾತು ನಮಾಜು ಮಾಡಿ, ಕೊನೆಗೆ ವಿತ್ರ್ ಮುಗಿಸಿ, ಕೈಯೆತ್ತಿ ತುಂಬಾ ಹೊತ್ತು ಪಿಸುಗುಟ್ಟಿದಳು. ಬೆಳಿಗ್ಗೆ ಅಜ್ಜಿಗೆ ಖುಷಿಯೋ ಖುಷಿ. ರೊಟ್ಟಿ ಮುರಿಯುತ್ತಾ ಅಳಿಯನಿಗೆ ಪಾಠ ಹೇಳಿದಳು. ಇದು ಫರ್ಜ್ ಅಲ್ಲ, ಮಾಡದಿದ್ದರೆ ಪಾಪವಿಲ್ಲ, ತನ್ನ ಖುಷಿಯಿಂದ ಮಾಡುವುದು. ಒಮ್ಮೆ ನಿದ್ದೆ ಮಾಡಿ ಎದ್ದು ಮಾಡಬೇಕು. ಮುಖಕ್ಕೆ ಬೆಳಕು, ಮೈಗೆ ಆರೋಗ್ಯ, ಮನಸ್ಸಿಗೆ ನೆಮ್ಮದಿ. ಎಲ್ಲಕ್ಕಿಂತ ದೊಡ್ಡದೆಂದರೆ ಆ ಹೊತ್ತಿನಲ್ಲಿ ಅಲ್ಲಾಹನೇ, ಕೇಳುವವರು ಯಾರಿದ್ದೀರಿ, ಕೊಡುತ್ತೇನೆ ಎಂದು ಕರೆಯುತ್ತಾನೆ.

"ಕೇಳಿದ್ದು ಕೊಡ್ತ್ನಾ?" ಮುಹಿದ್ದೀನ್ ಕೇಳಿದ.

"ಆ ಹೊತ್ತು ಕೇಳಿದ್ದು ಬಿದ್ದುಹೋಗೂದಿಲ್ಲ, ತಮ್ಮಾ."

"ಹಂಗಾದ್ರೆ ನಮ್ಮ ಪ್ರಯಾಣಕ್ಕೂ ಒಂದು ದುಆ ಮಾಡಿ ಮಾಮಿ," ಎಂದು ಅವನು ಅತ್ತೆಯ ಕಡೆ ತಿರುಗಿದ.

"ನಿಮ್ಮ ಪ್ರಯಾಣದ ಬಗ್ಗೆಯೇ ಮಾಡ್ತಾ ಇದ್ದೆ," ಎಂದಳು ಹಾಜಿರಾ. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅದೇ ತೊಂದರೆ.

ಶನಿವಾರ ಬಂತು. ಜುಲೈಖಾಳ ಟ್ರಂಕು ಜಗುಲಿಗೆ ಬಂತು. ಬಸ್ಸು ಮಾತ್ರ ಬರಲಿಲ್ಲ. ಹೊನ್ನಾವರದ ಹೊಳೆಯಿಂದ ಈಚೆಗೆ ಹೊರಟ ಇದ್ದಿಲು ಗ್ಯಾಸಿನ ಬಸ್ಸು ಶಿರಾಲಿಯ ಹತ್ತಿರ ಅಚ್ಚು ಮುರಿದುಕೊಂಡು ಗದ್ದೆಗೆ ಮುಖ ಮಾಡಿ ನಿಂತಿತ್ತು. ಯುದ್ಧದ ಕಾಲ, ಬಿಡಿಭಾಗ ಎಲ್ಲಿಂದ ಬರಬೇಕು? ಕುಮಟೆಯಿಂದ ಬರಬೇಕೆಂದರು, ಅಲ್ಲಿಲ್ಲವಾದರೆ ಹುಬ್ಬಳ್ಳಿಯಿಂದ ಎಂದರು. ಮಧ್ಯಾಹ್ನದವರೆಗೆ ಕಾದು ಟ್ರಂಕು ಒಳಗೆ ಹೋಯಿತು. ಹಾಜಿರಾ ಎರಡು ಸೇರು ಅಕ್ಕಿ ಹೆಚ್ಚಿಗೆ ನೆನೆಹಾಕಿದಳು. ಬೆಳಿಗ್ಗೆಯೇ ನೆನೆಹಾಕಿದ್ದಳೇನೋ ಎಂದು ಮುಹಿದ್ದೀನನಿಗೆ ಅನುಮಾನ.

"ನಾವು ಹೋಗೂದಿಲ್ಲ ಅಂತ ನಿನ್ನಮ್ಮಗೆ ಮೊದ್ಲೇ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಅಕ್ಕಿ ನೋಡಿ ಹೇಳ್ತಿರಾ? ದಿನಾ ನೆನೆಹಾಕ್ತಾಳೆ."

ಎರಡನೆಯ ಸಲ ಬಸ್ಸು ಸರಿಯಾಗಿ ಬಂತು, ಮುಹಿದ್ದೀನ್ ಏಳಲಿಲ್ಲ. ಹಿಂದಿನ ದಿನವೇ ಚಳಿಜ್ವರ ಹಿಡಿದು ಮೂರು ಕಂಬಳಿಯಡಿ ಗಡಗಡ ನಡುಗುತ್ತಿದ್ದ. ಕ್ವಿನೈನ್ ಸಿಗುವ ಕಾಲವಲ್ಲ. ಹತ್ತು ದಿನ ಅತ್ತೆಯೇ ಗಂಜಿ ಬಸಿದು ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಕಷಾಯ ಕುದಿಸಿದಳು. ಹೆತ್ತ ತಾಯಿಯೂ ಅಷ್ಟು ಮಾಡುತ್ತಿರಲಿಲ್ಲ. ಆದರೆ ರಾತ್ರಿ ಕೊನೆಯ ಜಾವದಲ್ಲಿ ಗೋಡೆಯಾಚೆಯಿಂದ ಆ ಪಿಸುಮಾತು ಕೇಳಿದ ಕೂಡಲೇ ಅವನು ಕಣ್ಣು ಬಿಟ್ಟು ಮಲಗುತ್ತಿದ್ದ. ಗಂಜಿ ಕೊಡುವ ಕೈಯೇ ಜ್ವರವನ್ನೂ ಕೇಳಿ ತರಿಸಿತೇ ಎಂಬ ಯೋಚನೆ ಹೊಕ್ಕ ಮೇಲೆ ಗಂಜಿ ಗಂಟಲಲ್ಲಿ ಇಳಿಯಲಿಲ್ಲ.

ಜ್ವರ ಬಿಟ್ಟ ದಿನವೇ ಕಲ್ಲಿಕೋಟೆಯಿಂದ ಕಾಗದ. ಮನೆಯ ಮಾಲೀಕ ಆ ಅರ್ಧ ಮನೆಯನ್ನು ಯಾರೋ ಮಿಲಿಟರಿ ಗುಮಾಸ್ತನಿಗೆ ಕೊಟ್ಟುಬಿಟ್ಟಿದ್ದ. ಬೇರೆ ಮನೆ ನೋಡುತ್ತಿದ್ದೇನೆ ಎಂದು ಅಂಗಡಿಯ ಪಾಲುದಾರ ಬರೆದಿದ್ದ.

ಮುಹಿದ್ದೀನ್ ಬೆರಳು ಮಡಚಿದ. "ಬಸ್ಸು ಒಂದು. ಜ್ವರ ಎರಡು. ಮನೆ ಮೂರು."

"ಸುಮ್ನಿರಿ," ಎಂದಳು ಜುಲೈಖಾ. "ಅಮ್ಮ ಬಸ್ಸಿನ ಅಚ್ಚು ಮುರಿಯೂಕೆ ಹೋಗಿದ್ಲಾ?"

"ಅವ್ರು ಹೋಗೂದು ಬೇಡ. ಎಲ್ಲಿಗೆ ಅರ್ಜಿ ಹಾಕ್ಬೇಕೋ ಅಲ್ಲಿಗೆ ಹಾಕ್ತಾ ಇದ್ದಾರೆ."

ಹಗಲು ಜುಲೈಖಾ ತಾಯಿಯ ಪರ. ರಾತ್ರಿ ರಾಟೆ ಕಿರುಗುಟ್ಟಿದರೆ ಅವಳಿಗೂ ಹೆದರಿಕೆ. ನಡುಮನೆಯ ಬಾಗಿಲಿಗೆ ಕಿವಿಕೊಟ್ಟು ನಿಂತು ನೋಡಿದಳು. ಅಷ್ಟಿಷ್ಟು ಅರಬ್ಬಿ, ಅಷ್ಟಿಷ್ಟು ಮನೆಮಾತು, ನಡುವೆ ತನ್ನ ಹೆಸರು. ಹೆಸರಿನ ಹಿಂದೆ ಮುಂದೆ ಏನಿತ್ತೋ ಕೇಳಲಿಲ್ಲ.

ಭತ್ತ ಕುಟ್ಟಲು ಹತ್ತಿರದ ಜಾಲಿ ಹಳ್ಳಿಯಿಂದ ಬರುವ ಲಕ್ಕಿ ಎರಡು ವಾರದಿಂದ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒನಕೆ ಎತ್ತುತ್ತಾ ಹೇಳಿದಳು:

"ಒಂದರ ಮೇಲೊಂದು ಹಿಂಗೆ ಅಡ್ಡ ಬಂದ್ರೆ ನಮ್ಮ ಕೇರೀಲಿ ಯಾರೋ ಮಾಟ ಮಾಡ್ಸಿದ್ರು ಅಂತ ಹೇಳ್ತ್ರು, ಬೀಬಿ. ನಿಮ್ಮಲ್ಲೂ ಅದೆಯಾ ಅದು?"

"ಥೂ, ಮಾಟ ಗೀಟ ಎಂತದ್ದೂ ಇಲ್ಲ. ಅಮ್ಮ ಮಾಡೂದು ನಮಾಜು."

"ನಮಾಜಾದ್ರೆ ನೀವು ಹೆದರೂದೆಂತಕೆ?"

ಜುಲೈಖಾಳಿಗೆ ಸಿಟ್ಟು ಬಂತು. "ಉಮಿ ಸರೀ ಹಾರ್ಸು, ನಿನ್ನೆ ಅಕ್ಕೀಲಿ ಬರೀ ಭತ್ತ," ಎಂದು ಗದರಿಸಿದಳು.

"ನಿನ್ನೆ ಬೈದದ್ದು ನೀವೇ, ಇವತ್ತು ಬೈದದ್ದೂ ನೀವೇ," ಎಂದಳು ಲಕ್ಕಿ. "ದೊಡ್ಡ ಬೀಬಿ ಈಗೀಗ ನಂಗೆ ಬೈಯೂದೇ ಬಿಟ್ಟಾರೆ. ಮೊನ್ನೆ ಕುಚ್ಚಲಕ್ಕಿ ನೆಲಕ್ಕೆ ಚೆಲ್ದೆ, ಎಂತದೂ ಹೇಳ್ಲಿಲ್ಲ."

ಅದು ನಿಜ. ಹಾಜಿರಾಳ ನಾಲಗೆ ಆ ಕೇರಿಯಲ್ಲೇ ಹೆಸರುವಾಸಿ. ಮೀನಿನವಳು ಅವಳ ಮನೆ ಬಾಗಿಲಲ್ಲಿ ಹಳೆಯ ಮೀನು ತೋರಿಸುವ ಧೈರ್ಯ ಮಾಡುತ್ತಿರಲಿಲ್ಲ. ಅಂಥವಳು ಮೂರು ವಾರದಿಂದ ತಣ್ಣಗಾಗಿದ್ದಳು. ಕಾಲುಗಂಟು ನೋವೆಂದು ನರಳುವುದೂ ನಿಂತಿತ್ತು. ಕೇಳಿದ್ದು ಸಿಗುತ್ತಿರುವುದಕ್ಕೇ ಈ ಸಮಾಧಾನ ಎಂದು ಮುಹಿದ್ದೀನ್ ಅರ್ಥ ಮಾಡಿಕೊಂಡ.

ಅತ್ತೆಗೆ ನಮಾಜು ಬಿಡಿ ಎಂದು ಯಾವ ಬಾಯಲ್ಲಿ ಹೇಳುವುದು? ಕಳ್ಳತನವಾದರೆ ಹಿಡಿಯಬಹುದು, ಜಗಳವಾದರೆ ಆಡಬಹುದು. ಕೊನೆಗೆ ಅವನೊಂದು ದಾರಿ ಕಂಡುಕೊಂಡ. ತಾನೂ ತಹಜ್ಜುದ್‌ಗೆ ಏಳುತ್ತೇನೆಂದ. ಬೆಳಗಿನ ಫಜರಿಗೇ ಮೂರು ಸಲ ಎಬ್ಬಿಸಬೇಕಾದ ಮನುಷ್ಯ ಇವನು.

"ಎಬ್ಸು ನನ್ನ. ಏಳ್ದಿದ್ರೆ ಮುಖಕ್ಕೆ ನೀರು ಚಿಮುಕ್ಸು. ಗಂಡ ಹೆಂಡತಿ ಹಾಂಗೆ ಎಬ್ಸಿಕೊಂಡ್ರೆ ಸವಾಬು ಅಂತ ಹದೀಸಲ್ಲೇ ಅದೆ."

ಜುಲೈಖಾ ಚಿಮುಕಿಸಿದಳು. ಅವನು ಏಳಲಿಲ್ಲ. ಸಿಟ್ಟಿಗೆದ್ದು ಅರ್ಧ ತಂಬಿಗೆ ಸುರಿದಳು. ಅವನ ಕೂಗಿಗೆ ಅಜ್ಜಿ ಕಳ್ಳರು ಬಂದರೆಂದು ಎದ್ದು ಕುಳಿತಳು. ಅಂತೂ ಅವನು ನಡುಗುತ್ತಾ ಬಾವಿಕಟ್ಟೆಗೆ ಹೋದರೆ ಅಲ್ಲಿ ಅತ್ತೆ ಕೊಡಪಾನ ಹಿಡಿದು ನಿಂತಿದ್ದಳು.

"ನೀವು ಮೊದಲು ಮಾಡಿ ಮಾಮಿ."

"ಇಲ್ಲ, ನೀನು ಮಾಡು. ಗಂಡಸರು ಮೊದಲು."

"ಛೆ ಛೆ, ದೊಡ್ಡವರು ನೀವು."

ಇಬ್ಬರೂ ಬಹಳ ಮರ್ಯಾದೆಯಿಂದ ವುಜೂ ಮಾಡಿದರು. ಅತ್ತೆ ನಡುಮನೆಯಲ್ಲಿ, ಅಳಿಯ ತನ್ನ ಕೋಣೆಯಲ್ಲಿ. ಅವಳು ಕೈ ಇಳಿಸುವವರೆಗೆ ಇವನೂ ಇಳಿಸಲಿಲ್ಲ. ಮೊದಲು ಎದ್ದು ಹೋದರೆ ಸೋತಂತೆ ಎಂದು ತೂಕಡಿಸುತ್ತಲೇ ಕುಳಿತ. ಹೀಗೆ ಒಂದು ವಾರ ನಡೆಯಿತು. ರೇಷನ್ ಕೂಪನ್ನಿನ ಚಿಮಣಿ ಎಣ್ಣೆ ಎರಡು ಬುಡ್ಡಿಗೆ ಉರಿದು ತಿಂಗಳ ನಡುವೆಯೇ ಮುಗಿಯಿತು. ಹಗಲೆಲ್ಲ ಮನೆಗೆ ಮನೆಯೇ ಆಕಳಿಸಿತು. ಜುಲೈಖಾ ಒಲೆಯ ಮುಂದೆ ಕಣ್ಣು ಮುಚ್ಚಿದಾಗ ಹುರಿಯಲಿಟ್ಟ ಮೀನು ಕರಕಲಾಯಿತು, ಉಳಿದೆರಡು ಬೆಕ್ಕಿನ ಪಾಲಾದವು.

ಬರೀ ಉಪ್ಪಿನಕಾಯಿ ಅನ್ನದ ಮುಂದೆ ಕುಳಿತ ಅಜ್ಜಿಗೆ ಸಹನೆ ತಪ್ಪಿತು.

"ರಾತ್ರಿ ಎದ್ದು ಅಲ್ಲಾಹನ ಹತ್ರ ಒಬ್ಬರ ಮೇಲೊಬ್ಬರು ಚಾಡಿ ಹೇಳ್ತ್ರಿ. ಹಗಲಿಗೆ ನಂಗೆ ಮೀನಿಲ್ಲ. ಇದು ಎಂತಾ ನಮಾಜು?"

ಆ ಮಾತಿಗೇ ಕಾದಿದ್ದವನಂತೆ ಮುಹಿದ್ದೀನ್ ತಟ್ಟೆ ಸರಿಸಿದ. "ಇವತ್ತು ಹೇಳಿಬಿಡಿ ಮಾಮಿ. ದಿನಾ ರಾತ್ರಿ ಎಂತ ಕೇಳ್ತ್ರಿ?"

"ಅದು ನನ್ನ, ಅವನ ನಡುವಿನ ಮಾತು."

"ನನ್ನ ಹೆಂಡ್ತಿ ವಿಷಯ ಆದ್ರೆ ನಂಗೂ ಗೊತ್ತಾಗ್ಬೇಕು."

"ನಿಂಗೆ ಹೆಂಡ್ತಿ ಆಗೂದ್ಕಿಂತ ಮೊದ್ಲು ನಂಗೆ ಮಗಳು."

"ಹೋಗೂದು ಬೇಡ ಅಂತ ನನ್ನ ಮುಖ ನೋಡಿ ಹೇಳಿ! ನಾ ಜಗಳ ಆಡ್ತೆ, ಗೆಲ್ತೆ, ಸೋಲ್ತೆ. ಹಿಂದಿಂದ ಹಾಂಗೆ ಮಾಡೂದೆಂತಕೆ?"

"ಸಂಬಂಧ ಕಡಿಯೂ ದುಆ ಕಬೂಲಾಗೂದಿಲ್ಲ, ಅದು ನಂಗೂ ಗೊತ್ತು," ಎಂದಳು ಹಾಜಿರಾ. "ನಾನು ಕಡಿಯೂಕೆ ಕೇಳ್ಲಿಲ್ಲ. ಇಟ್ಕೊಳ್ಳೂಕೆ ಕೇಳ್ದೆ."

ಇದಕ್ಕಿಂತ ಹೆಚ್ಚು ಒಪ್ಪಿಗೆ ಇನ್ನೇನು ಬೇಕು? ಮುಹಿದ್ದೀನ್ ಕೈ ತೊಳೆದು, ಟೋಪಿ ಹಾಕಿಕೊಂಡು, ಎರಡು ಓಣಿ ಆಚೆಯಿದ್ದ ತನ್ನ ತಾಯಿಯ ಮನೆಗೆ ಹೋದ. ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಳಿಯ ಸಂಜೆ ಬಾರದ ಮನೆಯೆಂದರೆ ಭಟ್ಕಳದಲ್ಲಿ ಸಣ್ಣ ಸುದ್ದಿಯಲ್ಲ. ನೆರೆಮನೆಯವರು ಸಕ್ಕರೆ ಕೇಳುವ ನೆಪದಲ್ಲಿ ಬಂದು ಜಗುಲಿಯ ಚಪ್ಪಲಿ ಎಣಿಸಿ ಹೋದರು. ನಾಲ್ಕನೆಯ ದಿನ ಒಂದು ಚೀಟಿ ಬಂತು. ಕಲ್ಲಿಕೋಟೆಯಲ್ಲಿ ಬೇರೆ ಮನೆ ಸಿಕ್ಕಿದೆ. ಸೋಮವಾರದ ಬಸ್ಸಿಗೆ ಹೊರಡುತ್ತೇನೆ. ನೀನು ಬಂದರೆ ಬಾ, ಬಾರದಿದ್ದರೆ ಇನ್ನು ಕರೆಯುವುದಿಲ್ಲ.

ಜುಲೈಖಾ ಚೀಟಿ ಹಿಡಿದುಕೊಂಡು ಅಜ್ಜಿಯ ಕಾಲ ಹತ್ತಿರ ಕುಳಿತು ಅತ್ತಳು. ತಾಯಿಯ ಒಪ್ಪಿಗೆ ಇಲ್ಲದೆ ಹೊಸ್ತಿಲು ದಾಟುವ ಧೈರ್ಯ ಅವಳಿಗಿರಲಿಲ್ಲ, ಗಂಡನನ್ನು ಬಿಡುವ ಮನಸ್ಸೂ ಇರಲಿಲ್ಲ. ಅಜ್ಜಿ ಬಹಳ ಹೊತ್ತು ಎಲೆಯಡಿಕೆ ಕುಟ್ಟಿದಳು. ಬಾಯಿಗೆ ಹಾಕಲಿಲ್ಲ.

"ನಿನ್ನಪ್ಪನೂ ಒಂದ್ಸಲ ಕರೆದಿದ್ದ, ಕೊಲಂಬೊಕ್ಕೆ," ಎಂದಳು. "ನಿನ್ನಮ್ಮಗೆ ಆಗ ಹದಿನೇಳು. ಮಚ್ವೆ ಬಂದರಕ್ಕೆ ಬಂದಿತ್ತು. ನಾನು ನಲ್ವತ್ತು ರಾತ್ರಿ ಎದ್ದು ಕೇಳ್ದೆ, ಇವಳು ಹೋಗೂದು ಬೇಡ ಅಂತ. ಹೊರಡೂ ದಿನ ಇವಳ ಮೈಮೇಲೆ ದಡಾರ ಎದ್ತು. ಮಚ್ವೆ ಹೋತು."

"ಮತ್ತೆ?"

"ಮತ್ತೆ ಅವ ಕರೀಲಿಲ್ಲ. ಅಲ್ಲೇ ಇನ್ನೊಂದು ಮನೆ ಮಾಡ್ದ. ನಿಂಗೆ ಗೊತ್ತಿದ್ದದ್ದೇ. ನಾನು ಕೇಳಿದ್ದು ನಂಗೆ ಸಿಕ್ತು, ಮಗಾ. ಇಪ್ಪತ್ತೆಂಟು ವರ್ಷ ಎದುರಿಗೇ ಕೂತ್ಕಂಡು ನೋಡ್ತಾ ಇದ್ದೆ, ಸಿಕ್ಕಿದ್ದನ್ನ."

"ನೀವು ಹಾಂಗೆ ಕೇಳಿದ್ದು ಅಮ್ಮಗೆ ಗೊತ್ತಾ?"

"ಗೊತ್ತಿಲ್ದೆ ಎಂತ? ನನ್ನ ನೋಡಿಯೇ ಕಲ್ತದ್ದು."

ಜುಲೈಖಾಳ ಅಳು ಅಲ್ಲಿಗೆ ನಿಂತಿತು. ಇಷ್ಟು ದಿನ ಅನುಮಾನವಾಗಿದ್ದದ್ದು ಈಗ ಗೊತ್ತಾದ ಸಂಗತಿಯಾಗಿತ್ತು. ಗೊತ್ತಾದ ಮೇಲೆ ಬಾಗಿಲ ಹಿಂದೆ ಕಿವಿಗೊಟ್ಟು ನಿಲ್ಲುವ ಕೆಲಸವಿಲ್ಲ.

ಭಾನುವಾರ ರಾತ್ರಿ ರಾಟೆ ಕಿರುಗುಟ್ಟುವ ಮೊದಲೇ ಅವಳು ಬಾವಿಕಟ್ಟೆಯಲ್ಲಿದ್ದಳು. ತಾಯಿಗೆ ತಾನೇ ನೀರು ಸೇದಿ ಹಾಕಿದಳು, ತಾನೂ ವುಜೂ ಮಾಡಿದಳು. ಇಬ್ಬರೂ ನಡುಮನೆಯಲ್ಲಿ ನಮಾಜು ಮಾಡಿದರು. ದುಆಕ್ಕೆ ಕೈಯೆತ್ತುವ ಮೊದಲು ಹಾಜಿರಾ ಹಿಂತಿರುಗಿ ನೋಡಿದಳು. ಮಗಳು ಅವಳ ಹಿಂದೆಯೇ ಮಂಡಿಯೂರಿ ಕುಳಿತಿದ್ದಳು.

"ನಿನ್ನ ದುಆ ನೀನು ಮಾಡ್ಕೊ, ಒಳಗೆ ಹೋಗಿ."

"ನಾನು ಬೇರೆ ಎಂತದೂ ಕೇಳೂದಿಲ್ಲ. ನೀವು ಕೇಳಿ, ಗಟ್ಟಿಯಾಗಿ, ನಮ್ಮ ಮಾತಲ್ಲಿ. ನಾನು ಆಮೀನ್ ಹೇಳ್ತೆ."

"ಎಂತ ಕೇಳಿದ್ರೂ?"

"ಎಂತ ಕೇಳಿದ್ರೂ. ಎರಡು ದಿಕ್ಕಿಂದ ಎಳೆದದ್ದು ಸಾಕು ಅಮ್ಮಾ. ಕೇಳೂದು ಒಂದೇ ಕಡೆಯಿಂದ ಹೋಗ್ಲಿ."

ಹಾಜಿರಾ ಮುಂದಕ್ಕೆ ತಿರುಗಿದಳು. ಕೈಯೆತ್ತಿದಳು. ಮೊದಲು ಸತ್ತವರಿಗೆ ಕ್ಷಮೆ ಕೇಳಿದಳು. ಜುಲೈಖಾ ಆಮೀನ್ ಎಂದಳು. ಮುದಿ ತಾಯಿಗೆ ಸುಖದ ಸಾವು ಕೇಳಿದಳು, ಆಮೀನ್. ಲಕ್ಕಿಯ ಬಾಣಂತಿ ಮಗಳಿಗೆ ಆರೋಗ್ಯ ಕೇಳಿದಳು. ಅದು ಯಾವಾಗ ಪಟ್ಟಿಗೆ ಸೇರಿತ್ತೋ ಜುಲೈಖಾಳಿಗೆ ಗೊತ್ತೇ ಇರಲಿಲ್ಲ. ಅದಕ್ಕೂ ಆಮೀನ್ ಎಂದಳು. ಆಮೇಲೆ ಹಾಜಿರಾ ಎತ್ತಿದ ಕೈಯನ್ನು ಇನ್ನಷ್ಟು ಮೇಲಕ್ಕೆತ್ತಿದಳು.

"ಯಾ ಅಲ್ಲಾ," ಎಂದಳು. "ನನ್ನ ಜುಲೈಖಾನ್ನ ಈ ಮನೆ ಬಿಟ್ಟು ಹೋಗೂಕೆ ಬಿಡಬೇಡ."

ಹಿಂದಿನಿಂದ ಸದ್ದಿಲ್ಲ.

ಹಾಜಿರಾ ಕಾದಳು. ಇನ್ನೂ ಕಾದಳು. ಜುಲೈಖಾ ತುಟಿ ಬಿಚ್ಚಿದಳು, ಮಾತು ಕೊಟ್ಟಿದ್ದೇನಲ್ಲ ಎಂದುಕೊಂಡು ಮತ್ತೊಮ್ಮೆ ಬಿಚ್ಚಿದಳು. ಕಣ್ಣಿಂದ ನೀರಿಳಿಯಿತೇ ಹೊರತು ಆ ಮೂರಕ್ಷರ ಹೊರಬರಲಿಲ್ಲ.

"ಆಮೀನ್ ಎಲ್ಲಿ?" ತಾಯಿ ತಿರುಗದೆಯೇ ಕೇಳಿದಳು.

"ಬಾಯಿಗೆ ಬತ್ತಿಲ್ಲ ಅಮ್ಮಾ."

ಹಾಜಿರಾ ಕೈ ಇಳಿಸಿದಳು. ಮಗಳಿಗೆ ಹೇಳಿದಳೋ ಮೇಲಿನವನಿಗೋ, ತೀರಾ ಮೆಲ್ಲಗೆ ಹೇಳಿದಳು:

"ನನ್ನ ಬಾಯಿಗೆ ಬಂದಿತ್ತು. ಇದೇ ಜಾಗದಲ್ಲಿ, ನನ್ನಮ್ಮನ ಹಿಂದೆ ಕೂತು. ದೊಡ್ಡವರು ಕೇಳ್ತಾ ಇದ್ದಾರೆ, ಆಮೀನ್ ಹೇಳ್ಬೇಕು ಅಂತ ಹೇಳಿದ್ದೆ."

ಜುಲೈಖಾ ಮುಂದೆ ಸರಿದು ತಾಯಿಯ ಬೆನ್ನಿಗೆ ಹಣೆಯಿಟ್ಟಳು. ಹಾಜಿರಾ ಅವಳನ್ನು ದೂಡಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಇಳಿದಿದ್ದ ಕೈಗಳನ್ನು ಮತ್ತೆ ಎತ್ತಿದಳು.

"ಯಾ ಅಲ್ಲಾ, ಈಗ ಕೇಳಿದ್ದು ಬಿಟ್ಟುಬಿಡು. ಇಷ್ಟು ರಾತ್ರಿ ಕೇಳಿದ್ದೂ ಬಿಟ್ಟುಬಿಡು. ನಾಳೆ ಇವಳು ಹೋಗ್ಲಿ. ಹೋದಲ್ಲಿ ಇವಳಿಗೆ ಗಂಡ ಇರ್ಲಿ, ಮನೆ ಇರ್ಲಿ…"

"ಆಮೀನ್!"

ತಾಯಿಯ ಮಾತು ಮುಗಿಯುವ ಮೊದಲೇ ಹೊರಬಿದ್ದ ಆ ಕೂಗಿಗೆ ಒಳಕೋಣೆಯಲ್ಲಿ ಅಜ್ಜಿ ಎದ್ದು ಕುಳಿತು, ಎಂತ ಆತು, ಎಂತ ಆತು ಎಂದು ಕೇಳತೊಡಗಿದಳು.